ಉಂಗುರ ಎರಡು, ಅಳತೆ ಒಂದು ದೊಡ್ಡದು

ಹೇಮಲತಾ ಗೇಟಿಗೆ ಅಡ್ಡವಾಗಿ ಕೈಯಿಟ್ಟು, ಆಟೊದಿಂದ ಇಳಿದು ಬಂದ ಹೆಂಗಸಿನ ಬೆರಳುಗಳನ್ನು ನೋಡಿದಳು. ದಪ್ಪಗಿದ್ದವು. ಹೆಂಗಸು ಏದುಸಿರು ಬಿಡುತ್ತಿದ್ದಳು.

“ಎಲ್ಲಿಂದ ಬಂದ್ರಿ?”

“ಅರೇ...” ಎಂದು ಆಕೆ ಉಸಿರಿಗಾಗಿ ನಿಂತಳು.

ಅಷ್ಟು ಸಾಕಾಯಿತು. ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ಗೇಟಿನ ಕಡೆ ತಿರುಗಿದರು. ಯಾರೋ ಚೆನ್ನಾಗಿ ಕಾಣಲೆಂದು ಎದ್ದೂ ನಿಂತರು.

“ಅರೇಹಳ್ಳಿಯಿಂದ,” ಆಕೆ ಮುಗಿಸಿದಳು. “ಮೀನಾಕ್ಷಿ ಅಂತ. ಸಂಪತ್ಕುಮಾರ್ ಜೊತೆ ಆಫೀಸಲ್ಲಿದ್ದೆ. ಯಾಕ್ರೀ ಎಲ್ಲಾ ಹೀಗ್ ನೋಡ್ತಿದೀರಾ?”

ಹೇಮಲತಾ ಕೈ ತೆಗೆದಳು. “ಏನಿಲ್ಲ ಬನ್ನಿ. ಒಳಗಿದಾರೆ.”

ಎದ್ದವರು ಕೂತರು. ಮೀನಾಕ್ಷಿ ಒಳಗೆ ಹೋಗಿ ಹೆಣಕ್ಕೆ ಕೈಮುಗಿದು, ಎರಡು ನಿಮಿಷ ನಿಂತು, ಅದೇ ಆಟೊದಲ್ಲಿ ವಾಪಸು ಹೋದಳು. ಸತ್ತವನಿಗಾಗಿಯೇ ಆ ಮನೆಗೆ ಬಂದವಳು ಬಹುಶಃ ಅವಳೊಬ್ಬಳೇ.

ಸಂಪತ್ಕುಮಾರ ಹಿಂದಿನ ಸಂಜೆ, ಶುಕ್ರವಾರ, ಕಾಫಿ ಲೋಟ ಕೈಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಸತ್ತಿದ್ದ. ಅರವತ್ತಮೂರು ವರ್ಷ. ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಮೂರು ವರ್ಷದ ಹಿಂದೆ ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಬಂದವನು. ಅಂಥವನ ಸಾವಿಗೆ ಇಷ್ಟು ಜನ ಸೇರುವ ಕಾರಣವಿರಲಿಲ್ಲ. ಅವರು ಬಂದದ್ದು, ಅವನು ಗುಟ್ಟಾಗಿ ಇಟ್ಟುಕೊಂಡಿದ್ದಾನೆಂದು ಊರು ಆಡಿಕೊಳ್ಳುತ್ತಿದ್ದ ಅರಸೀಕೆರೆಯವಳನ್ನು ನೋಡುವುದಕ್ಕೆ.

ಅವಳನ್ನು ಕರೆದವನು ಆದಿತ್ಯ. ಸತ್ತವನ ಅಣ್ಣನ ಮಗ. ಸಂಪತ್ಕುಮಾರನಿಗೆ ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಇಡಬೇಕಾದವನೂ ಅವನೇ. ಬೆಳಿಗ್ಗೆ ಎಂಟಕ್ಕೆ ಚಿಕ್ಕಪ್ಪನ ಮೊಬೈಲು ಹೊಡೆದುಕೊಂಡಾಗ ಪರದೆಯ ಮೇಲೆ ‘ಕ.’ ಎಂದಷ್ಟೇ ಇತ್ತು. ಎತ್ತಲು ಆದಿತ್ಯನಿಗೆ ಧೈರ್ಯವಾಗಲಿಲ್ಲ, ಬಿಡಲು ಮನಸ್ಸೂ ಬರಲಿಲ್ಲ. ಕರೆ ನಿಂತ ಮೇಲೆ, ಚಿಕ್ಕಪ್ಪ ತೀರಿಕೊಂಡರೆಂದೂ ಸಂಸ್ಕಾರ ಇವತ್ತೇ ಎಂದೂ ಬರೆದು, ಮನೆಯ ಲೊಕೇಶನ್ ಸೇರಿಸಿ ಮೆಸೇಜು ಕಳಿಸಿದ. ಆಮೇಲೆ ಅದನ್ನು ಮನೆಮನೆಗೆ ಹೇಳಿದ.

ರಾಹುಕಾಲ ಹತ್ತೂವರೆಗೇ ಮುಗಿದಿತ್ತು. ಹನ್ನೊಂದಾದರೂ ಹೆಣ ಎತ್ತುವ ಮಾತನ್ನು ಯಾರೂ ಆಡಲಿಲ್ಲ.

“ಇನ್ನೊಂದರ್ಧ ಗಂಟೆ ನೋಡೋಣ,” ಎಂದ ಅಣ್ಣ ಮುರಳೀಕೃಷ್ಣ. ದೇವಸ್ಥಾನದ ಸೇವೆಯಲ್ಲಿದ್ದವನು, ಯಾವುದಕ್ಕೂ ಹೊತ್ತು ಗೊತ್ತು ಹೇಳುವವನು. “ದೂರದೋರು ಯಾರಾದ್ರೂ ಬರೋದಿದ್ರೆ ಬರ್ಲಿ.”

ದೂರದವರು ಯಾರು ಎಂದು ಯಾರೂ ಕೇಳಲಿಲ್ಲ.

ಅವನ ಪಕ್ಕದಲ್ಲಿ ಚನ್ನಪ್ಪ ಕೂತಿದ್ದ. ಮಾದಿಹಳ್ಳಿಯವನು, ಅದೇ ಕಚೇರಿಯಲ್ಲಿ ಅಟೆಂಡರ್ ಆಗಿದ್ದವನು. “ಏನೇ ಅನ್ನಿ ಸ್ವಾಮಿ, ನಮ್ ಸಾಹೇಬ್ರು ಗಟ್ಟಿಗ್ರು. ಇಪ್ಪತ್ತ್ ವರ್ಸ ಅವ್ರ ಫೈಲ್ ಹೊತ್ತೆ, ಒಂದ್ ಹೆಣ್ಣಾಳ್ನ ತಲೆ ಎತ್ತಿ ನೋಡಿದ್ ಕಾಣೆ. ಒಳಗೇ ಇಷ್ಟೆಲ್ಲ ಮಡಿಕ್ಕಂಡಿದ್ರು ನೋಡಿ.”

“ಗಟ್ಟಿಗನಂತೆ! ಕೊಬ್ಬರಿ ಚಟ್ನಿ ಬೇಕಾ ಬೇಡ್ವಾ ಅಂತ್ಲೂ ಹೆಂಡ್ತೀನೇ ಕೇಳ್ತಿದ್ದ,” ಎಂದ ಮುರಳೀಕೃಷ್ಣ. ಆದರೆ ತಮ್ಮನ ಬಗ್ಗೆ ಹೀಗೆ ಮಾತಾಡಲು ಜನ ಸಿಕ್ಕಿದ್ದು ಅವನಿಗೂ ಹಿತವಾಗಿತ್ತು. “ಎಷ್ಟ್ ವಯಸ್ಸಿರ್ಬೋದು ಅವಳಿಗೆ?”

“ನಲವತ್ತರ ಒಳ್ಗೇ ಅಂತಾರೆ.”

“ಯಾರು ಅಂತಾರೆ?”

“ಎಲ್ರೂ ಅಂತಾರೆ.”

ಒಳಗೆ ನಡುಮನೆಯಲ್ಲಿ ಹೆಣದ ತಲೆಯ ಬಳಿ ಕೂತಿದ್ದ ವೇದವಲ್ಲಿಗೆ ಇದೆಲ್ಲ ಕೇಳುತ್ತಿತ್ತು. ಅವಳು ಅಳುತ್ತಿರಲಿಲ್ಲ. ಅರಸೀಕೆರೆಯವಳು ಬಂದಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದಳು. ಇಷ್ಟು ಜನರ ಎದುರು ಧ್ವನಿ ನಡುಗಬಾರದು. ಅವಳಿಗೆ ಅಂದು ಇದ್ದ ಚಿಂತೆ ಅದೊಂದೇ. ಗಂಡ ಸತ್ತದ್ದು ನಿನ್ನೆಯೇ ಮುಗಿದುಹೋಗಿತ್ತು. ತಾನು ಈ ಅಂಗಳದಲ್ಲಿ ಎಷ್ಟು ಎತ್ತರದ ಹೆಂಗಸಾಗಿ ಉಳಿಯುತ್ತೇನೆ ಎನ್ನುವುದು ಇನ್ನು ಗೊತ್ತಾಗಬೇಕಿತ್ತು.

*

ಎಂಟು ವರ್ಷದ ಹಿಂದೆ ಅವಳಿಗೆ ಒಂದು ಡೈರಿ ಸಿಕ್ಕಿತ್ತು.

ಆಗ ಒಂದು ವರ್ಷದಿಂದ ಸಂಪತ್ಕುಮಾರ ಪ್ರತಿ ಎರಡನೇ ಶನಿವಾರ ಬೆಳಗಿನ ಬಸ್ಸಿಗೆ ಅರಸೀಕೆರೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಯಾಕೆ ಎಂದರೆ “ಕೆಲಸ ಇದೆ” ಎನ್ನುತ್ತಿದ್ದ. ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕ ಡೈರಿಯನ್ನು ವೇದವಲ್ಲಿ ಬಚ್ಚಲುಮನೆಯಲ್ಲೇ ನಿಂತು ಓದಿದಳು. ಆಮೇಲೆ ಅಕ್ಕ ಹೇಮಲತಾಳಿಗೆ ಓದಿ ಹೇಳಿದಳು.

‘ಕ. ಹೇಳಿದ ಮೇರೆಗೆ ಉಂಗುರ ಎರಡು. ಹಾಕಿ ನೋಡಲಾಗಿ ಸಡಿಲ. ಅಳತೆ ಒಂದು ದೊಡ್ಡದು ತರತಕ್ಕದ್ದು.’

‘ಸರ. ಉದ್ದವಾಗಿದೆ. ಕ. ಎರಡು ಕೊಂಡಿ ತೆಗೆದು ಸರಿಪಡಿಸಿದ್ದು.’

‘ಬೆಳಿಗ್ಗೆ ತಣ್ಣಗಿದ್ದಾಗ ಉಸಿರು ಕಟ್ಟುತ್ತದೆ. ಬಿಸಿಯಾದ ಮೇಲೆ ತೊಂದರೆ ಇಲ್ಲ.’

“ದಮ್ಮಿನ ಕಾಯಿಲೆ ಕಣೇ ಅವಳಿಗೆ,” ಎಂದಳು ಹೇಮಲತಾ. “ಬೆರಳೂ ದಪ್ಪ. ಮೈಕೈ ತುಂಬ್ಕೊಂಡಿರೋಳೇ ಇರ್ಬೇಕು. ಕ ಅಂದ್ರೆ ಕಮಲಾನೋ, ಕಸ್ತೂರಿನೋ. ನಿನ್ನ ಸರ ಕಿತ್ತುಹೋಗಿ ಎರಡ್ ವರ್ಷ ಆಯ್ತು, ಅದನ್ನ ಬೆಸೆಸ್ಕೊಡಕ್ಕೆ ಈ ಮನುಷ್ಯನಿಗೆ ಪುರಸೊತ್ತಿಲ್ಲ.”

ಡೈರಿಯಲ್ಲಿ ಬೇರೆ ಸಾಲುಗಳೂ ಇದ್ದವು. ‘ತಲೆ ಬಿಚ್ಚಿ ಒಳಗಿನ ಮಸಿ ಕೆರೆಯಲಾಯಿತು’ ಎಂಬುದೊಂದು. ಅದನ್ನು ಅಕ್ಕತಂಗಿಯರು ಎರಡು ಸಲ ಓದಿದರು. ಅರ್ಥವಾಗಲಿಲ್ಲ. ಬಿಟ್ಟರು. ಬೇಕಾದದ್ದು ಸಿಕ್ಕಿದ ಮೇಲೆ ಉಳಿದದ್ದನ್ನು ಓದುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ವೇದವಲ್ಲಿ ಗಂಡನನ್ನು ಕೇಳಲಿಲ್ಲ. ಅವನ ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿದಳು. ಎರಡನೇ ಶನಿವಾರ ಉಪವಾಸ ಮಾಡತೊಡಗಿದಳು. ನೆಂಟರಲ್ಲಿ ಯಾರಾದರೂ ಕಾರಣ ಕೇಳಿದರೆ ಸೆರಗಿನಿಂದ ಕಣ್ಣೊತ್ತಿಕೊಂಡು ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದು ಅವಳಿಗೆ ಚೆನ್ನಾಗಿ ಒಗ್ಗಿತು. ಅದಕ್ಕೆ ಮುಂಚೆ ಮದುವೆಮನೆಗಳಲ್ಲಿ ಅವಳು ತರಕಾರಿ ಹೆಚ್ಚುವ ಗುಂಪಿನಲ್ಲಿರುತ್ತಿದ್ದಳು. ಈಗ ಹೆಂಗಸರು ಕೈಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು, ಕಾಫಿ ತಾವೇ ತಂದುಕೊಡುತ್ತಿದ್ದರು. ‘ಪಾಪ, ಭೂಮಿತೂಕದೋಳು’ ಎಂಬ ಮಾತು ಅವಳ ಹಿಂದೆಯೇ ಓಡಾಡುತ್ತಿತ್ತು. ಮಗಳು ರಂಜನಾ ಒಮ್ಮೆ, “ಅಪ್ಪನ್ನ ನಾನೇ ಕೇಳ್ಲಾ?” ಎಂದಾಗ, “ಕೇಳಿದ್ರೆ ನನ್ ಹೆಣ ನೋಡ್ತೀಯ” ಎಂದಿದ್ದಳು.

*

ಹನ್ನೊಂದು ಕಾಲಿಗೆ ಬೀದಿಯ ತುದಿಯಲ್ಲಿ ಮೋಟಾರ್‌ಸೈಕಲ್ಲಿನ ಸದ್ದು ಕೇಳಿತು. ಈಗಿನ ಗಾಡಿಗಳ ಸದ್ದಲ್ಲ. ಟಿನ್ನು ಬಡಿದಂಥ ಸದ್ದು. ಎರಡು ಸೈಲೆನ್ಸರಿನ ಹಳೇ ಯೆಜ್ಡಿಯೊಂದು ನೀಲಿ ಹೊಗೆ ಬಿಡುತ್ತ ಬಂದು ಗೇಟಿನೆದುರು ನಿಂತಿತು. ಓಡಿಸುತ್ತಿದ್ದವನು ಅರವತ್ತೈದರ ಆಸುಪಾಸಿನ ಮುದುಕ. ಖಾಕಿ ಅಂಗಿ, ತಲೆಗೆ ಸುತ್ತಿದ ಟವೆಲು, ತೊಳೆದರೂ ಹೋಗದ ಎಣ್ಣೆಯ ಉಗುರು.

“ಸಂಪತ್ ಸಾರ್ ಮನೆ ಇದೇನ್ರಾ?”

“ನೀವು?” ಎಂದಳು ಹೇಮಲತಾ.

“ಅರಸೀಕೆರೆಯಿಂದ ಬಂದೆ.”

ಅಂಗಳದಲ್ಲಿ ಕೆಮ್ಮುತ್ತಿದ್ದವನೊಬ್ಬ ಕೆಮ್ಮು ನಿಲ್ಲಿಸಿದ. ಮುರಳೀಕೃಷ್ಣ ಎದ್ದು ಬಂದ. “ಒಬ್ರೇ ಬಂದ್ರಾ?”

“ಇನ್ಯಾರ್ ಬರ್ಬೇಕಿತ್ತು ಸ್ವಾಮಿ?” ಮುದುಕ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. “ಅಮ್ಮಾರತ್ರ ಎಲ್ಡ್ ಮಾತಾಡ್ಬೇಕಿತ್ತು. ಸಾರ್‌ದೊಂದು ಪದಾರ್ಥ ನನ್ ತಾವ ಐತೆ. ಒಪ್ಪುಸ್ಬುಟ್ಟು ಹೋಯ್ತೀನಿ.”

“ಉಂಗುರ ವಾಪಸ್ ಕಳ್ಸಿದಾಳೆ ಕಣೇ!” ಎಂದು ಹೇಮಲತಾ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಗೇಟಿನಾಚೆಗೂ ಕೇಳಿತು.

ಮುದುಕನನ್ನು ನಡುಮನೆಗೆ ಬಿಡಲಿಲ್ಲ. ಪಕ್ಕದ ಓಣಿಯಿಂದ ಹಿತ್ತಲಿಗೆ ಕಳಿಸಿದರು. ವೇದವಲ್ಲಿ ರಂಜನಾಳ ತೋಳು ಹಿಡಿದುಕೊಂಡು ಬಂದು ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತಳು. ಒಪ್ಪಿಸಿಕೊಂಡಿದ್ದನ್ನು ನಡುಗದೆ ಹೇಳಿದಳು:

“ಅವಳು ಬಂದು ಮುಖ ನೋಡ್ಕೊಂಡ್ ಹೋಗ್ಲಿ. ಸತ್ತೋರ ಮೇಲೆ ಹಟ ಇಲ್ಲ ನಂಗೆ. ನಾನ್ ಒಂದ್ ಮಾತೂ ಅನ್ನಲ್ಲ.”

“ಯಾರಮ್ಮ?”

“ನೀವು ಯಾರ್ ಕಡೆಯಿಂದ ಬಂದಿದೀರೋ ಅವಳು.”

“ನಾನ್ ಯಾರ ಕಡೆಯಿಂದ್ಲೂ ಬಂದಿಲ್ಲ ಕಣಮ್ಮ. ನಾನು ಕರಿಯಯ್ಯ ಅಂತ, ಮೆಕಾನಿಕ್ಕು. ಸಾರ್‌ದು ಗಾಡಿ ನನ್ ಶೆಡ್ಡಲ್ಲಿತ್ತು. ಒಂಬತ್ ವರ್ಸದಿಂದ ರಿಪೇರಿ ಮಾಡ್ತಾ ಇದ್ವಿ. ಆಚೆ ನಿಂತೈತಲ್ಲ, ಅದೇಯ.”

ವೇದವಲ್ಲಿ ಮಗಳ ತೋಳು ಬಿಟ್ಟಳು. “ಗಾಡಿ?”

“ಊಂ, ಯೆಜ್ಡಿ. ಇವತ್ ಎರಡ್ನೇ ಶನಿವಾರ ಅಲ್ವ, ಎಷ್ಟೊತ್ತಿಗೆ ಬತ್ತೀರ ಅಂತ ಕೇಳಾಣ ಅಂತ ಫೋನ್ ಹಾಕ್ದೆ. ಎತ್ನಿಲ್ಲ. ಆಮೇಲೆ ಮೆಸೇಜ್ ಬಂತು. ಮಗಳು ಓದಿ ಹೇಳುದ್ಲು.”

“ಮತ್ತೆ ಉಂಗುರ?” ವೇದವಲ್ಲಿಗೆ ಆ ಸಾಲುಗಳು ಬಾಯಿಪಾಠವಾಗಿದ್ದವು. “ಉಂಗುರ ಎರಡು, ಅಳತೆ ಒಂದು ದೊಡ್ಡದು ಬೇಕು ಅಂತ ಬರ್ದಿದಾರಲ್ಲ?”

ಕರಿಯಯ್ಯ ಟವೆಲಿನಿಂದ ಕತ್ತು ಒರೆಸಿಕೊಂಡ. “ಓ! ಪಿಸ್ಟನ್ ರಿಂಗು. ಬೋರ್ ಸವ್ದಿತ್ತು. ಸೈಜ್ ದೊಡ್ಡದ್ ಹಾಕ್ಬೇಕಾಯ್ತು. ಸಾರು ಎಲ್ಲಾನೂ ಕನ್ನಡದಲ್ಲೇ ಬರ್ಕತಿದ್ರು.”

“ಸರ?”

“ಚೈನಲ್ವ, ಸರಪಳಿ. ಎಳ್ಕಂಡಿತ್ತು, ಎರಡ್ ಲಿಂಕ್ ತೆಗ್ದೆ.”

“ಉಸಿರು ಕಟ್ಟೋದು?” ಎಂದು ಈ ಸಲ ಕೇಳಿದವಳು ರಂಜನಾ.

“ಕಾರ್ಬೊರೇಟ್ರು ಕಣವ್ವ. ಇವತ್ತೂ ಬಾಣಾವರದ ತಾವ ಒಂದ್ಸಲ ಕಟ್ತು.”

ರಂಜನಾಳಿಗೆ ನಗು ಬಂತು. ವೇಲಿನಲ್ಲಿ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುವುದು ನಿಲ್ಲಲಿಲ್ಲ. ದೂರದಿಂದ ನೋಡಿದವರಿಗೆ ಅಪ್ಪನಿಗಾಗಿ ಅಳುತ್ತಿದ್ದಾಳೆ ಎನಿಸುವಂತಿತ್ತು.

ವೇದವಲ್ಲಿ ನಗಲಿಲ್ಲ. ಇನ್ನೊಂದೇ ಒಂದು ಕೇಳಿದಳು. “ನಿಮ್ಮ ಶೆಡ್ಡಲ್ಲಿ... ಹೆಂಗಸ್ರು ಯಾರೂ ಇಲ್ವಾ?”

“ನಮ್ಮೆಂಗಸ್ರು ಇದ್ಲು. ಸತ್ತು ಹನ್ನೆರಡ್ ವರ್ಸ ಆಯ್ತು.”

*

ಸಂಪತ್ಕುಮಾರ ಇಪ್ಪತ್ತೈದನೇ ವಯಸ್ಸಿನಲ್ಲಿ ಒಂದು ಯೆಜ್ಡಿ ಬೇಕೆಂದು ಅಪ್ಪನನ್ನು ಕೇಳಿದ್ದ. “ಕಚ್ಚೆ ಉಟ್ಕೊಂಡು ಅದರ ಮೇಲೆ ಕೂತ್ಕೋತೀಯೇನೋ?” ಎಂದು ಅಪ್ಪ ಕೇಳಿದ್ದಕ್ಕೆ ಮುರಳೀಕೃಷ್ಣ ಎಷ್ಟು ನಕ್ಕನೆಂದರೆ, ಆಮೇಲೆ ಮೂವತ್ತು ವರ್ಷ ಯಾವ ಸಮಾರಂಭದಲ್ಲೂ ಆ ಕತೆಯನ್ನು ಹೇಳದೆ ಬಿಡಲಿಲ್ಲ. ಸಂಪತ್ಕುಮಾರನೂ ಪ್ರತಿ ಸಲ ಜೊತೆಗೆ ನಗುತ್ತಿದ್ದ. ನಗಬೇಡ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಐವತ್ತನಾಲ್ಕರಲ್ಲಿ ಕಚೇರಿಯ ಕಾಗದ ತಲುಪಿಸಲು ಅರಸೀಕೆರೆಗೆ ಹೋದವನು, ಬಸ್ಸು ತಪ್ಪಿ, ರೈಲ್ವೆ ಸ್ಟೇಷನ್ನಿನ ಹಿಂದೆ ಸುಮ್ಮನೆ ಅಡ್ಡಾಡುವಾಗ ಕರಿಯಯ್ಯನ ಶೆಡ್ಡಿನ ಪಕ್ಕದಲ್ಲಿ ಆ ಗಾಡಿಯನ್ನು ಕಂಡ. ಟ್ಯಾಂಕಿಗೆ ತುಕ್ಕು, ಸೀಟಿನೊಳಗೆ ಇಲಿಯ ಗೂಡು.

“ಅದು ಓಡಲ್ಲ ಸಾರು,” ಎಂದ ಕರಿಯಯ್ಯ.

“ಓಡೋದೇನೂ ಬೇಡ,” ಎಂದ ಸಂಪತ್ಕುಮಾರ. ಹೊಸ ಗಾಡಿ ಕೊಳ್ಳಲು ಅವನ ಸಂಬಳ ಸಾಲುತ್ತಿತ್ತು. ಆದರೆ ಓಡುವ ಗಾಡಿಯನ್ನು ಮನೆಗೆ ತರಬೇಕಾಗುತ್ತದೆ.

ಆಡಳಿತದಲ್ಲಿ ಕನ್ನಡ ಬಳಸಿದ್ದಕ್ಕೆ ಕಚೇರಿಯಲ್ಲಿ ಅವನಿಗೊಂದು ಪ್ರಶಂಸಾಪತ್ರ ಕೊಟ್ಟಿದ್ದರು. ಅವನಿಗೆ ಯಾರಾದರೂ ಕೊಟ್ಟದ್ದು ಅದೊಂದೇ. ಆ ಕನ್ನಡವನ್ನು ಅವನು ಶೆಡ್ಡಿಗೂ ಹೊತ್ತು ತಂದ. ಬಿಚ್ಚಿದ ಒಂದೊಂದು ಬೋಲ್ಟನ್ನೂ ಕಾಗದದ ಲಕೋಟೆಗೆ ಹಾಕಿ, ‘ಎಡಬದಿ, ಮೇಲಿನಿಂದ ಮೂರನೆಯದು’ ಎಂದು ಬರೆಯುತ್ತಿದ್ದ. ಕರಿಯಯ್ಯ ಕ್ಲಚ್ ಪ್ಲೇಟು ಕೇಳಿದರೆ ಅದು ‘ಹಿಡಿತದ ತಟ್ಟೆ’ ಎಂದು ಬರೆದ ಲಕೋಟೆಯಲ್ಲಿರುತ್ತಿತ್ತು. ಎರಡು ತಿಂಗಳ ಕೆಲಸಕ್ಕೆ ಎರಡು ವರ್ಷ ಹಿಡಿಯುತ್ತಿತ್ತು. ಇಂಥ ಗಿರಾಕಿ ಬೇಡಪ್ಪ ಎಂದು ಕರಿಯಯ್ಯ ಎಷ್ಟೋ ಸಲ ಅಂದುಕೊಂಡ. ಅವನಿಗೆ ಸಂಪತ್ಕುಮಾರನ ಮೇಲೆ ಗೌರವವೇನೂ ಇರಲಿಲ್ಲ. ಕೂರಲು ಒಂದು ಕುರ್ಚಿ ಕೊಟ್ಟಿದ್ದ, ಅಷ್ಟೇ. ಸಂಪತ್ಕುಮಾರನಿಗೆ ಬೇರೆಲ್ಲೂ ಅಷ್ಟು ಸಿಕ್ಕಿರಲಿಲ್ಲ.

ಎಂಜಿನ್ನು ಮೊದಲ ವರ್ಷವೇ ಸದ್ದು ಮಾಡಿತ್ತು; ಆರನೇ ವರ್ಷಕ್ಕೆ ಗಾಡಿ ರಸ್ತೆಯಲ್ಲಿ ಓಡುವಂತಾಯಿತು. ಸಂಪತ್ಕುಮಾರ ಓಡಿಸುವಂತಾಗಲಿಲ್ಲ. ಆ ಗಾಡಿಯಲ್ಲಿ ಕಿಕ್ಕರೇ ಗೇರು. ಒದ್ದು ಸ್ಟಾರ್ಟ್ ಮಾಡಿದ ಕಡ್ಡಿಯನ್ನೇ ತಿರುಗಿಸಿ ಗೇರು ಹಾಕಬೇಕು. ಅವನು ತಿರುಗಿಸಲು ಮರೆಯುತ್ತಿದ್ದ. ನೆನಪಿಟ್ಟುಕೊಂಡ ದಿನ ಒದೆಯಲು ಹೋಗಿ ಮೊಣಕಾಲಿನ ಕೆಳಗೆ ಹೊಡೆಸಿಕೊಳ್ಳುತ್ತಿದ್ದ. ಒಂದೇ ಒಂದು ಸಲ ಫಸ್ಟ್ ಗೇರಿನಲ್ಲಿ ರೈಲ್ವೆ ಗೇಟಿನವರೆಗೆ ಹೋಗಿ ಬಂದ. ಇಳಿದವನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಎರಡು ಹೆಜ್ಜೆ ದೂರ ಸರಿದ. “ಒಳಗೆ ಏನೋ ಸದ್ದು ಬರ್ತಿದೆ, ಮತ್ತೆ ಬಿಚ್ಚು,” ಎಂದ. ಸದ್ದೇನೂ ಇರಲಿಲ್ಲ. ಕರಿಯಯ್ಯ ಬಿಚ್ಚಿ, ನೋಡಿ, ಮುಚ್ಚಿದ. ಆಮೇಲಿನ ಮೂರು ವರ್ಷ ಪ್ರತಿ ಎರಡನೇ ಶನಿವಾರ ನಡೆದದ್ದು ಅದೇ.

ಊರಿನ ಸುದ್ದಿ ಅವನ ಕಿವಿಗೆ ಬೀಳದೆ ಇರಲಿಲ್ಲ. ಒಂದು ದಿನ ಕಚೇರಿಯಲ್ಲಿ ಚನ್ನಪ್ಪ ಫೈಲು ಇಡುತ್ತ, “ಅರಸೀಕೆರೇಲಿ ಎಲ್ಲ ಚೆನ್ನಾಗವ್ರಾ ಸಾರ್?” ಎಂದು ಕಣ್ಣು ಮಿಟುಕಿಸಿದ್ದ. ಅಲ್ಲವೆಂದರೆ ಗಾಡಿ ತೋರಿಸಬೇಕು. ತೋರಿಸಿದರೆ, ಓಡಿಸು ನೋಡೋಣ ಎನ್ನುತ್ತಾರೆ. ಸಂಪತ್ಕುಮಾರ ತಲೆ ತಗ್ಗಿಸಿ ಸಣ್ಣಗೆ ನಕ್ಕ. ಆ ತಿಂಗಳಿನಿಂದ ಎರಡನೇ ಶನಿವಾರಗಳಿಗೆ ಅಂಗಿ ಇಸ್ತ್ರಿ ಮಾಡಿಸತೊಡಗಿದ. ಹೆಂಡತಿ ಉಪವಾಸ ಕೂತಿರುವುದನ್ನು ನೋಡಿಕೊಂಡೇ ಬಾಗಿಲು ದಾಟುತ್ತಿದ್ದ.

*

“ವೇದಾ, ಏನ್ ಕಳ್ಸಿದಾಳೇ ಅವಳು?” ಹೇಮಲತಾ ಅಡುಗೆಮನೆಯ ಬಾಗಿಲಿನಿಂದ ಕೂಗಿದಳು. ಅವಳ ಹಿಂದೆ ಐದಾರು ಹೆಂಗಸರ ತಲೆಗಳಿದ್ದವು.

ವೇದವಲ್ಲಿ ಒಗೆಯುವ ಕಲ್ಲಿನ ಮೇಲೆ ಕೈಯೂರಿಕೊಂಡಳು. ಆಮೇಲೆ ಅತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಏನೂ ಇಲ್ಲಕ್ಕಾ. ಬಂದು ಮುಖ ತೋರ್ಸೋ ಯೋಗ್ಯತೆ ತನಗಿಲ್ಲ ಅಂತ ಹೇಳಿ ಕಳ್ಸಿದಾಳೆ. ನನ್ ಕಾಲಿಗ್ ಬಿದ್ದೆ ಅಂತ ಹೇಳು ಅಂದ್ಲಂತೆ.”

ಹೆಂಗಸರು ನಾಲಗೆಯಿಂದ ಲೊಚಗುಟ್ಟಿದರು. ಒಬ್ಬಳಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುದ್ದಿ ಅಡುಗೆಮನೆಯನ್ನೂ ನಡುಮನೆಯನ್ನೂ ದಾಟಿ ಅಂಗಳಕ್ಕೆ ಹೋಯಿತು.

ರಂಜನಾಳ ನಗು ನಿಂತಿತ್ತು. “ಅಮ್ಮಾ, ಏನಿದು? ಅಪ್ಪ ಯಾವಳ್ನೂ ಇಟ್ಕೊಂಡಿರ್ಲಿಲ್ಲ ಅಂತ ಹೇಳೋದ್ ಬಿಟ್ಟು...”

“ಏನಂತ ಹೇಳ್ಲಿ?” ವೇದವಲ್ಲಿ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದಳು. “ನಿಮ್ಮಪ್ಪ ಶೆಡ್ಡಲ್ಲಿ ಕೂತು ನಟ್ಟು ಬೋಲ್ಟು ಒರೆಸ್ತಿದ್ರು ಅಂತ್ಲಾ? ಅದಕ್ಕೆ ನಾನು ಎಂಟು ವರ್ಷ ಉಪವಾಸ ಮಾಡ್ದೆ ಅಂತ್ಲಾ? ನಾಳೆಯಿಂದ ಆ ಹೇಮಕ್ಕಾನೇ ನನ್ನ ಕತೆ ಹೇಳ್ಕೊಂಡು ನಗ್ತಾಳೆ ಕಣೇ.”

“ಅಪ್ಪನ ಮರ್ಯಾದೆ?”

“ಅವ್ರಿಗೇನ್ ಕಮ್ಮಿ ಆಗಿದೆ? ಹೊರಗ್ ಹೋಗಿ ಗಂಡಸ್ರು ಏನ್ ಮಾತಾಡ್ತಿದಾರೆ ಕೇಳು ಹೋಗು.”

ಅದು ನಿಜವೇ ಆಗಿತ್ತು.

“ಮತ್ತೆ ಗಾಡಿ?” ಎಂದ ಕರಿಯಯ್ಯ.

“ನೀವೇ ತಗೊಂಡ್ ಹೋಗಿ. ಯಾರ್ ಏನ್ ಕೇಳಿದ್ರೂ ಬಾಯ್ ಬಿಡ್ಬೇಡಿ. ನಿಮ್ ದಮ್ಮಯ್ಯ.”

“ನಂಗ್ಯಾಕಮ್ಮ ಅದು? ಜಾಗಕ್ಕೇ ದಂಡ.” ಅವನು ರಂಜನಾಳ ಕಡೆ ನೋಡಿದ. “ನೀನಾರ ಮಡಿಕತೀಯೇನವ್ವ?”

“ನಂಗೆ ಸ್ಕೂಟಿ ಇದೆ,” ಎಂದಳು ರಂಜನಾ.

ಕರಿಯಯ್ಯ ಟವೆಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಸತ್ತವನ ಮುಖ ನೋಡಬೇಕೆಂದು ಬಂದಿದ್ದ. ಕೇಳಬೇಕೆನಿಸಲಿಲ್ಲ.

ಅವನು ಓಣಿ ದಾಟಿ ಬರುವ ಹೊತ್ತಿಗೆ ಹೆಣವನ್ನು ಚಟ್ಟಕ್ಕೆ ಕಟ್ಟುವುದು ಮುಗಿದಿತ್ತು. ಅರಸೀಕೆರೆಯವಳು ಬರುವುದಿಲ್ಲವೆಂದು ಗೊತ್ತಾದ ಮೇಲೆ ಯಾರಿಗೂ ಕಾಯುವ ತಾಳ್ಮೆ ಉಳಿದಿರಲಿಲ್ಲ. ಬೆಂಕಿಯ ಮಡಕೆ ಹಿಡಿದು ಒದ್ದೆ ಪಂಚೆಯಲ್ಲಿ ನಿಂತಿದ್ದ ಆದಿತ್ಯ ತಡೆದುಕೊಳ್ಳಲಾರದೆ ಕೇಳಿದ:

“ಅಂಕಲ್, ಅವರು ನಿಜವಾಗ್ಲೂ ಬರಲ್ವಾ?”

ಕರಿಯಯ್ಯ ಅವನನ್ನೊಮ್ಮೆ, ಚಟ್ಟವನ್ನೊಮ್ಮೆ ನೋಡಿದ. “ಬರಾಕಾಗಲ್ಲ.”

“ಕಾಯಿಲೆ ಜಾಸ್ತಿನಾ?”

“ಊಂ. ಉಸಿರೇ ಹೋಯ್ತಲ್ಲ ಇನ್ನು,” ಎಂದ ಕರಿಯಯ್ಯ.

ಗೇಟಿನಾಚೆ ಯೆಜ್ಡಿಯ ಸುತ್ತ ಗಂಡಸರು ಸೇರಿದ್ದರು. ಚನ್ನಪ್ಪ ಹಿಂದಿನ ಚಕ್ರದ ಬಳಿ ಬಗ್ಗಿ ನೋಡುತ್ತಿದ್ದ. ಹಿಂದೆ ಕೂರುವ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕದಂತೆ ಹಾಕುವ ಕಬ್ಬಿಣದ ಜಾಲರಿ ಅಲ್ಲಿ ಥಳಥಳ ಹೊಳೆಯುತ್ತಿತ್ತು. ಸರ್ಕಾರದ ನಿಯಮದಲ್ಲಿದೆ ಎಂದು ಸಂಪತ್ಕುಮಾರ ಹಾಕಿಸಿದ್ದು.

“ಸೀರೆ ಗಾರ್ಡು!” ಚನ್ನಪ್ಪನ ಧ್ವನಿಯಲ್ಲಿ ಭಕ್ತಿಯೇ ಇತ್ತು. “ಹೊಚ್ಚ ಹೊಸದು ಕಣ್ರಪ್ಪ. ಇದ್ರ ಮೇಲೇ ಕೂರುಸ್ಕಂಡು ಓಡಾಡ್ಸವ್ರೆ ನಮ್ ಸಾಹೇಬ್ರು.”

“ಎಲಾ ಇವನಾ,” ಎಂದ ಮುರಳೀಕೃಷ್ಣ. ಕಚ್ಚೆಯ ಕತೆ ಅವನಿಗೆ ನೆನಪಾದಂತಿರಲಿಲ್ಲ.

ಕರಿಯಯ್ಯ ಅವರನ್ನು ಸರಿಸಿ, ಒಂದೇ ಸಲ ಒದ್ದ. ಗಾಡಿ ಸ್ಟಾರ್ಟ್ ಆಯಿತು. ಕಡ್ಡಿ ತಿರುಗಿಸಿ, ಗೇರು ಹಾಕಿ, ಹಳೇಬೀಡಿನ ರಸ್ತೆಗೆ ಹೊರಳಿದ. “ಗೋವಿಂದಾ” ಎನ್ನುತ್ತ ಚಟ್ಟ ಎತ್ತಿದವರು ಹೊಳೆಯ ಕಡೆ ಹೊರಟರು. ಹೊಗೆ ಇನ್ನೂ ಬೀದಿಯಲ್ಲೇ ನಿಂತಿತ್ತು. ಮುಂದೆ ಮಡಕೆ ಹಿಡಿದ ಆದಿತ್ಯ ನಡೆಯುತ್ತಲೇ ಹಿಂದಕ್ಕೆ ನೋಡುತ್ತಿದ್ದ. ಚಟ್ಟಕ್ಕೆ ಎಡಗಡೆ ಹೆಗಲು ಕೊಟ್ಟ ಇಬ್ಬರೂ ಕತ್ತು ಹೊರಳಿಸಿ, ದೂರ ಹೋಗುತ್ತಿದ್ದ ಗಾಡಿಯ ಹಿಂದಿನ ಸೀಟನ್ನು ನೋಡುತ್ತಿದ್ದರು. ಹೆಜ್ಜೆ ತಪ್ಪಿತು. ಚಟ್ಟ ಎಡಕ್ಕೆ ವಾಲಿತು, ತುಳಸಿಯ ಹಾರ ಜಾರಿತು, ಹೆಣದ ಮುಖವೂ ನಿಧಾನವಾಗಿ ಅತ್ತಲೇ ಹೊರಳಿತು.